ಡೆಕ್ಸಾಮೆಥಸೋನ್ ಕೊಟ್ಟರೂ ಎಫ್‌ಕೆಬಿಪಿ5 ಏರುತ್ತಿಲ್ಲ, ಏಕೆ?

ಪ್ರಶ್ನೆ:
ಎ549 (ಮನುಷ್ಯರ ಶ್ವಾಸಕೋಶದ ಕ್ಯಾನ್ಸರ್‌ನಿಂದ ಬಂದ) ಕೋಶಗಳಿಗೆ 100 ನ್ಯಾನೊಮೋಲಾರ್ ಡೆಕ್ಸಾಮೆಥಸೋನ್ (ಕಾರ್ಟಿಸಾಲ್ ಹಾರ್ಮೋನಿನಂತೆ ಕೆಲಸ ಮಾಡುವ ಔಷಧ) ಹಾಕಿ, 6 ಗಂಟೆ ಬಿಟ್ಟು ಆರ್‌ಎನ್‌ಎ ತೆಗೆದೆವು. ಆರ್‌ಎನ್‌ಎ ಪ್ರಮಾಣ ಅಳೆಯುವ ಕ್ಯೂಪಿಸಿಆರ್‌ನಲ್ಲಿ, ಈ ಔಷಧಕ್ಕೆ ಏರಬೇಕಾದ ಎಫ್‌ಕೆಬಿಪಿ5 ಜೀನ್ ಏರಿದ್ದು ಒಂದೂವರೆ ಪಟ್ಟು ಮಾತ್ರ. ಔಷಧ ಹಾಕದ ಕೋಶಗಳಲ್ಲೂ ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರ್ (ಇಂಥ ಹಾರ್ಮೋನನ್ನು ಹಿಡಿದು ಜೀನ್ ಚಾಲೂ ಮಾಡುವ ಪ್ರೋಟೀನ್) ಸಾಕಷ್ಟು ನ್ಯೂಕ್ಲಿಯಸ್‌ನಲ್ಲೇ ಕಾಣುತ್ತಿದೆ. ಮೀಡಿಯಂ ಮಾಮೂಲಿನದು, 10% ಎಫ್‌ಬಿಎಸ್ (ಹಸುವಿನ ಭ್ರೂಣದ ಸೀರಂ). ತೊಂದರೆ ಎಲ್ಲಿದೆ?

ಉತ್ತರ 1:
ಸೀರಂನಲ್ಲಿ. ಎಫ್‌ಬಿಎಸ್‌ನಲ್ಲಿ ಕಾರ್ಟಿಸಾಲ್ ಇರುತ್ತದೆ. ಹಾರ್ಮೋನ್ ಇಲ್ಲದಾಗ ಈ ರಿಸೆಪ್ಟರ್ ಎಚ್‌ಎಸ್‌ಪಿ90, ಪಿ23 ಎಂಬ ಸಹಾಯಕ ಪ್ರೋಟೀನ್‌ಗಳ ಜೊತೆ ಹೆಚ್ಚಾಗಿ ಸೈಟೋಪ್ಲಾಸಂನಲ್ಲಿರಬೇಕು; ನಿಮ್ಮ ಕಂಟ್ರೋಲ್‌ನಲ್ಲಿ ಅದು ಆಗಲೇ ಒಳಗೆ ಹೋಗಿ ಜೀನ್‌ಗಳನ್ನು ಚಾಲೂ ಮಾಡಿದೆ. ಬುಡವೇ ಮೇಲಿದ್ದರೆ ಪಟ್ಟು ಕಡಿಮೆ ಕಾಣುವುದು ಸಹಜ.

ಚಾರ್ಕೋಲ್ ಸ್ಟ್ರಿಪ್ ಮಾಡಿದ (ಇದ್ದಿಲಿನಿಂದ ಹಾರ್ಮೋನ್ ತೆಗೆದ) ಸೀರಂಗೆ ಬದಲಾಯಿಸಿ 24 ಗಂಟೆ ಬಿಡಿ, ಆಮೇಲೆ ಡೆಕ್ಸಾಮೆಥಸೋನ್ ಹಾಕಿ. ಎಥನಾಲ್‌ನಲ್ಲಿ 100 ಮೈಕ್ರೊಮೋಲಾರ್ ಸ್ಟಾಕ್ ಮಾಡಿಟ್ಟುಕೊಂಡು ಸಾವಿರಕ್ಕೆ ಒಂದರಂತೆ ಹಾಕಿದರೆ ಎಥನಾಲ್ 0.1% ಆಗುತ್ತದೆ, ಕಂಟ್ರೋಲ್‌ಗೂ ಅಷ್ಟೇ ಎಥನಾಲ್ ಹೋಗಬೇಕು. ಮೀಡಿಯಂನ ಬಣ್ಣವಾದ ಫೀನಾಲ್ ರೆಡ್ ಬಗ್ಗೆ ಇಲ್ಲಿ ತಲೆಕೆಡಿಸಿಕೊಳ್ಳಬೇಡಿ, ಅದರ ಕಾಟ ಈಸ್ಟ್ರೋಜನ್ ರಿಸೆಪ್ಟರ್ ಕೆಲಸದಲ್ಲಿ.

ಉತ್ತರ 2:
ಸೀರಂ ಮಾತು ಸರಿ. ಆದರೆ ನ್ಯೂಕ್ಲಿಯಸ್‌ಗೆ ಹೋದದ್ದನ್ನೇ ಜೀನ್ ಚಾಲೂ ಆಯಿತು ಅನ್ನುವುದಕ್ಕೆ ಪುರಾವೆ ಮಾಡಿಕೊಳ್ಳಬೇಡಿ. ಈ ರಿಸೆಪ್ಟರನ್ನು ತಡೆಯುವ ಔಷಧ ಮಿಫೆಪ್ರಿಸ್ಟೋನ್ ಕೂಡ ರಿಸೆಪ್ಟರನ್ನು ಒಳಗೆ ಕಳಿಸುತ್ತದೆ, ಡಿಎನ್‌ಎ ಮೇಲೂ ಕೂರಿಸುತ್ತದೆ. ಆದರೆ ರಿಸೆಪ್ಟರ್‌ನ ತುದಿಯ ಹೆಲಿಕ್ಸ್ 12 ಎಂಬ ಭಾಗ ಸರಿಯಾದ ಜಾಗಕ್ಕೆ ಮಡಚಿಕೊಳ್ಳುವುದಿಲ್ಲ. ಹಾಗಾಗಿ ಎಸ್‌ಆರ್‌ಸಿ-1, ಪಿ300ರಂಥ ಕೋಆಕ್ಟಿವೇಟರ್‌ಗಳಿಗೆ (ಜೀನ್ ಚಾಲೂ ಮಾಡಲು ನೆರವಾಗುವ ಪ್ರೋಟೀನ್‌ಗಳು) ಹಿಡಿತ ಸಿಗದೆ, ಜೀನನ್ನು ಅಡಗಿಸುವ ಎನ್‌ಸಿಒಆರ್ ಬಂದು ಕೂರುತ್ತದೆ. ಡೆಕ್ಸಾಮೆಥಸೋನ್‌ಗೆ ಅರ್ಧ ಗಂಟೆ ಮುಂಚೆ 1 ಮೈಕ್ರೊಮೋಲಾರ್ ಮಿಫೆಪ್ರಿಸ್ಟೋನ್ ಕೊಟ್ಟ ಒಂದು ಬಾವಿ (ಕೋಶ ಬೆಳೆಸುವ ತಟ್ಟೆಯ ಗುಳಿ) ಇಡಿ. ಅಲ್ಲಿ ಏರಿಕೆ ಅಡಗಿದರೆ ಅದು ಈ ರಿಸೆಪ್ಟರ್‌ನದೇ ಕೆಲಸ ಎಂದು ನಂಬಬಹುದು. ರಿಸೆಪ್ಟರ್ ಅತಿಯಾಗಿರುವ ಕೋಶಗಳಲ್ಲಿ ಮಾತ್ರ ಮಿಫೆಪ್ರಿಸ್ಟೋನ್ ತಾನೇ ಅಲ್ಪಸ್ವಲ್ಪ ಚಾಲನೆ ಕೊಡುತ್ತದೆ, ಆದ್ದರಿಂದ ಅದೊಂದನ್ನೇ ಕೊಟ್ಟ ಬಾವಿಯೂ ಬೇಕು.

ಇನ್ನೊಂದು: ಎಫ್‌ಕೆಬಿಪಿ5 ಜೀನ್‌ನ ಪ್ರೋಟೀನ್ ಎಚ್‌ಎಸ್‌ಪಿ90 ಕೂಟ ಸೇರಿಕೊಂಡು ರಿಸೆಪ್ಟರ್ ಹಾರ್ಮೋನ್ ಹಿಡಿಯುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಕಾರ್ಟಿಸಾಲ್‌ನಲ್ಲೇ ಬೆಳೆದ ಕೋಶಗಳಲ್ಲಿ ಈ ಕಡಿವಾಣವೂ ಬಿಗಿಯಾಗಿರುತ್ತದೆ.

ಪ್ರಶ್ನೆ ಕೇಳಿದವರು:
ಏರಿಕೆ ನೇರವೋ, ಬೇರೊಂದು ಪ್ರೋಟೀನ್ ಮೂಲಕವೋ ಎಂದು ತಿಳಿಯುವುದು ಹೇಗೆ?

ಉತ್ತರ 2:
ಪ್ರೋಟೀನ್ ತಯಾರಿಕೆ ನಿಲ್ಲಿಸುವ ಸೈಕ್ಲೋಹೆಕ್ಸಿಮೈಡ್ ಕೊಡಿ: ಮಿಲಿಲೀಟರ್‌ಗೆ 10 ಮೈಕ್ರೊಗ್ರಾಂ, ಡೆಕ್ಸಾಮೆಥಸೋನ್‌ಗೆ ಅರ್ಧ ಗಂಟೆ ಮೊದಲು. ಹೊಸ ಪ್ರೋಟೀನ್ ತಯಾರಾಗದಿದ್ದರೂ ಆರ್‌ಎನ್‌ಎ ಏರಿದರೆ ನೇರ ಗುರಿ. ಆದರೆ ಈ ಔಷಧ ಕೆಲವು ಆರ್‌ಎನ್‌ಎಗಳನ್ನು ಕೊಳೆಯದಂತೆ ತಡೆದು ಸುಳ್ಳು ಏರಿಕೆ ತೋರಿಸುತ್ತದೆ. ಹೋಲಿಕೆ ಮಾಡಬೇಕಾದ್ದು ಸೈಕ್ಲೋಹೆಕ್ಸಿಮೈಡ್ ಒಂದನ್ನೇ ಕೊಟ್ಟ ಬಾವಿಯ ಜೊತೆ, ಎಥನಾಲ್ ಬಾವಿಯ ಜೊತೆ ಅಲ್ಲ.