‘ತೈಲಕ್ಕೆ ಒಡ್ಡಿಕೊಂಡ ಕಾರ್ಮಿಕರು’ ಎಂಬ ಪ್ರಯೋಗ ಸರಿಯೇ?

ಮಾನ್ಯರೇ,

ಕಡಲಿನಲ್ಲಿ ತೈಲ ಚೆಲ್ಲಿದಾಗ ಅದನ್ನು ಬಳಿದು ತೆಗೆಯುವ ಕಾರ್ಮಿಕರ ಆರೋಗ್ಯದ ಬಗ್ಗೆ ನಮ್ಮ ಕರಾವಳಿಯವರಿಗಾಗಿ ಒಂದು ಕೈಪಿಡಿಯನ್ನು ಬೆಂಗಳೂರಿನಲ್ಲಿ ಕುಳಿತು ಕನ್ನಡಕ್ಕೆ ತರುತ್ತಿದ್ದೇನೆ. ‘ಎಕ್ಸ್‌ಪೋಶರ್’ (ಹಾನಿಕರ ವಸ್ತು ಮೈಗೆ ಮುಟ್ಟುವುದು ಇಲ್ಲವೇ ಒಳಸೇರುವುದು) ಎಂಬ ಪದದ ಬಳಿ ಕೆಲಸ ನಿಂತಿದೆ.

ರೂಢಿಯಲ್ಲಿರುವುದು ‘ಒಡ್ಡಿಕೊಳ್ಳುವಿಕೆ’. ಆದರೆ ಎದೆಯೊಡ್ಡು, ಕೈಯೊಡ್ಡು ಎಂಬಲ್ಲೆಲ್ಲ ಒಡ್ಡುವವನ ಇಚ್ಛೆಯಿದೆ; ‘ಕೊಳ್ಳು’ ಸೇರಿದರಂತೂ ತಾನಾಗಿಯೇ ಮಾಡಿಕೊಂಡದ್ದು ಎಂಬ ಅರ್ಥ ಗಟ್ಟಿಯಾಗುತ್ತದೆ. 2017ರ ಜನವರಿಯಲ್ಲಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿಯಾದಾಗ ದಡಕ್ಕೆ ಬಂದ ಕಪ್ಪು ಜಿಡ್ಡನ್ನು ಬಕೆಟ್ಟುಗಳಲ್ಲಿ ತುಂಬಿ ಸಾಗಿಸಿದವರನ್ನು ‘ತೈಲಕ್ಕೆ ಒಡ್ಡಿಕೊಂಡವರು’ ಎಂದು ಬರೆದರೆ, ಅವರ ರಕ್ಷಣೆಯ ಹೊಣೆ ಹೊರಬೇಕಾದವರು ವಾಕ್ಯದಿಂದಲೇ ಮರೆಯಾಗುತ್ತಾರೆ. ಇದನ್ನು ನಾನು ಬರೀ ಶೈಲಿಯ ಪ್ರಶ್ನೆಯೆಂದು ಬಿಡಲಾರೆ. ‘ಒಡ್ಡಲ್ಪಟ್ಟವರು’ ಕನ್ನಡದ ಕಿವಿಗೆ ಒಗ್ಗುವುದಿಲ್ಲ.

‘ಸೋಂಕು’ ಹಳಗನ್ನಡದಲ್ಲಿ ಮುಟ್ಟುವುದೆಂಬ ಅರ್ಥದ ಒಳ್ಳೆಯ ಪದವೇ. ಆದರೆ ಕೋವಿಡ್ ಬಂದ ಮೇಲೆ ‘ಸೋಂಕಿತ’ ಎಂದರೆ ಅಂಟುರೋಗದವನೆಂದೇ ಓದುಗರು ತಿಳಿಯುತ್ತಾರೆ. ತೈಲದಲ್ಲಿರುವ ಬೆಂಜೀನ್ ಒಂದು ರಾಸಾಯನಿಕ; ಹಾಗೆ ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಯಲ್ಲ.

ತೊಡಕು ಇರುವುದು ತೈಲ ಮೈಸೇರುವ ದಾರಿಗಳಲ್ಲಿ. ಹೊಸದಾಗಿ ಚೆಲ್ಲಿದ ಕಚ್ಚಾತೈಲದಿಂದ ಬೆಂಜೀನ್, ಟಾಲುಯೀನ್‌ನಂತಹ ಹಗುರ ಅಂಶಗಳು ಮೊದಲ ಕೆಲವು ಗಂಟೆ, ದಿನಗಳಲ್ಲೇ ಆವಿಯಾಗುತ್ತವೆ. ಆ ಆವಿಯನ್ನು ಉಸಿರಾಡಿದವರಿಗೆ ತಲೆಸುತ್ತು, ವಾಕರಿಕೆ, ಗಂಟಲ ಕೆರೆತ ಬರುತ್ತದೆ, ಮತ್ತು ಬೆಂಜೀನ್ ಬಹುಕಾಲ ಒಳಸೇರುತ್ತಿದ್ದರೆ ರಕ್ತದ ಕ್ಯಾನ್ಸರ್ ಬರಬಹುದು. ಉಳಿದ ಜಿಡ್ಡು ಚರ್ಮಕ್ಕೆ ಮೆತ್ತಿ ಉರಿ, ದದ್ದು ತರುತ್ತದೆ. ಕೈ ಸರಿಯಾಗಿ ತೊಳೆಯದೆ ಬುತ್ತಿ ಬಿಚ್ಚಿದರೆ ಹೊಟ್ಟೆಗೂ ಹೋಗುತ್ತದೆ. ಈ ಮೂರಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ.

ಕಳೆದ ವಾರ ಜೆ.ಸಿ. ರಸ್ತೆಯ ಒಂದು ಗ್ಯಾರೇಜಿನಲ್ಲಿ, ಉಗುರಿನ ಸಂದಿಯವರೆಗೂ ಕಪ್ಪಾದ ಕೈಗಳನ್ನು ತೋರಿಸಿ ಮೆಕ್ಯಾನಿಕ್ ಒಬ್ಬರು, “ಆಯಿಲ್ ಮೆತ್ಕೊಂಡಿದೆ ಸಾರ್, ಪೆಟ್ರೋಲ್ ವಾಸನೆ ತಲೆಗೆ ಹೊಡೀತದೆ” ಎಂದರು. ದಾರಿಗೊಂದು ಕ್ರಿಯಾಪದವನ್ನು ಅವರು ಯೋಚಿಸದೆಯೇ ಬಳಸಿದ್ದರು. ಕೈಪಿಡಿಯ ಸೂಚನೆಗಳಿಗೆ ಇದೇ ಮಾದರಿ ಸಾಕು.

ಅಧ್ಯಯನಗಳ ಭಾಗಕ್ಕೆ ಮಾತ್ರ ಇದು ಸಾಲದು. 2002ರಲ್ಲಿ ಸ್ಪೇನಿನ ಗಲೀಷಿಯಾ ಕರಾವಳಿಯ ಬಳಿ ‘ಪ್ರೆಸ್ಟೀಜ್’ ಎಂಬ ತೈಲ ಹಡಗು ಮುಳುಗಿದಾಗ ತೈಲ ತೆಗೆದ ಮೀನುಗಾರರಲ್ಲಿ ವರ್ಷ ಕಳೆದ ಮೇಲೂ ಉಸಿರಾಟದ ತೊಂದರೆ ಕಂಡುಬಂದಿತ್ತು. 2010ರ ಮೆಕ್ಸಿಕೊ ಕೊಲ್ಲಿಯ ತೈಲ ಸೋರಿಕೆ ದುರಂತದ ಬಳಿಕ ಸುಮಾರು 33,000 ಮಂದಿಯನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳಲಾಯಿತು. ಅಲ್ಲೆಲ್ಲ ಎಷ್ಟು ದಿನ, ಎಷ್ಟು ಪ್ರಮಾಣ ಎಂದು ಅಳೆಯಲು ಬರುವ ನಾಮಪದವೇ ಬೇಕು.

ನನ್ನ ಒಲವು ‘ತಾಗು’ ಧಾತುವಿನ ಕಡೆಗಿದೆ. ಬಿಸಿಲು ತಾಗುತ್ತದೆ, ಹೊಗೆ ತಾಗುತ್ತದೆ, ಮುಟ್ಟದೆಯೇ ದೃಷ್ಟಿಯೂ ತಾಗುತ್ತದೆ. ತಾಗಿಸಿಕೊಂಡವನ ತಪ್ಪು ಎಂಬ ಧ್ವನಿ ಅದರಲ್ಲಿಲ್ಲ. ‘ತೈಲ ತಾಗಿದ ಕಾರ್ಮಿಕರು’ ಸಲೀಸಾಗಿ ಓದಿಸಿಕೊಳ್ಳುತ್ತದೆ. ‘ತಾಗುವಿಕೆಯ ಪ್ರಮಾಣ’ ಎಂಬುದು ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ದೋಣಿಯ ಡೀಸೆಲ್ ಹೊಗೆ ಕುಡಿದು ತಲೆ ತಿರುಗಿದಾಗ ಮಲ್ಪೆ, ಕಾರವಾರದ ಕಡೆಯವರು ಯಾವ ಮಾತು ಆಡುತ್ತಾರೆ ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.