ಸಹಾಯ ಬೇಕು: ಕಂಪನಿ ಕೊಟ್ಟ ಫೈಬರ್ ಮೋಡೆಮ್‌ನಲ್ಲಿ ಸೆಟ್ಟಿಂಗ್ಸ್ ಲಾಕ್ ಆಗಿದೆ

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಅಪ್ಪ, ಆಯಿ ಇಬ್ಬರೇ ಇರೋದು. ಅಡಿಕೆ ಒಣಹಾಕೋ ಅಂಗಳಕ್ಕೆ ಕ್ಯಾಮೆರಾ ಹಾಕಿಸಿದ್ದೀನಿ. ಬೆಂಗಳೂರಿಂದ ನೋಡೋಕೆ ವಿಪಿಎನ್ (ದೂರದಿಂದ ಮನೆ ನೆಟ್‌ವರ್ಕ್ ಒಳಗೆ ಬರೋ ಸುರಕ್ಷಿತ ದಾರಿ) ಮಾಡ್ಕೊಳ್ಳೋಣ ಅಂದ್ರೆ ಮೋಡೆಮ್ ಬಿಡ್ತಾ ಇಲ್ಲ.

ಬ್ರೌಸರ್‌ನಲ್ಲಿ ಮೋಡೆಮ್‌ನ ಸೆಟ್ಟಿಂಗ್ಸ್ ಪುಟ 192.168.1.1ಕ್ಕೆ ಹೋಗಿ, ಡಬ್ಬಿಯ ಅಡಿ ಅಂಟಿಸಿರೋ ಚೀಟಿಯ ಪಾಸ್‌ವರ್ಡ್ ಹಾಕಿದ್ರೆ ವೈಫೈ ಹೆಸರು, ಪಾಸ್‌ವರ್ಡ್ ಮಾತ್ರ ಬದಲಾಯಿಸಬಹುದು. ಹೊರಗಿಂದ ಬರೋ ಸಂಪರ್ಕನ ಮನೆಯೊಳಗಿನ ಸಾಧನಕ್ಕೆ ಕಳಿಸೋ ಪೋರ್ಟ್ ಫಾರ್ವರ್ಡಿಂಗ್ ಮೆನುನೇ ಇಲ್ಲ. ಲೈನ್ ರಿಪೇರಿಗೆ ಬಂದ ಹುಡುಗ ಪಾಪ, ತನ್ನ ಲಾಗಿನ್‌ನಿಂದ ಡಿಎನ್ಎಸ್ (ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡೋ ಸರ್ವರ್) ಬದಲಾಯಿಸಿ ಕೊಟ್ಟಿದ್ದ. ಎರಡೇ ದಿನಕ್ಕೆ ಮತ್ತೆ ಹಳೇದೇ ಬಂತು. ಟಿಆರ್-069 ಇದ್ರೆ ಕಂಪನಿಯವರು ಕೂತಲ್ಲಿಂದಲೇ ಸೆಟ್ಟಿಂಗ್ಸ್ ತಿದ್ದಬಹುದಂತೆ, ಅದೇ ಇರಬೇಕು. ಕಸ್ಟಮರ್ ಕೇರ್‌ಗೆ ನಾಲ್ಕು ಸಲ ಫೋನ್ ಮಾಡಿದೆ. "ಅಡ್ಮಿನ್ ಪಾಸ್‌ವರ್ಡ್ ಕೊಡಲ್ಲ ಸರ್" ಅಷ್ಟೇ.

ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಮೋಡೆಮ್‌ಗೆ ಕಂಪನಿ ಕೊಟ್ಟ ವಿಳಾಸ) 100.72 ಅಂತ ಶುರುವಾಗುತ್ತೆ, ಅಂದ್ರೆ ಸಿಜಿನ್ಯಾಟ್, ಒಂದೇ ಹೊರಗಿನ ಐಪಿನ ಕಂಪನಿ ಹಲವು ಗ್ರಾಹಕರಿಗೆ ಹಂಚಿರುತ್ತೆ. ಹಾಗಾಗಿ ಪೋರ್ಟ್ ತೆರೆದರೂ ಹೊರಗಿಂದ ಒಳಗೆ ಬರೋಕಾಗಲ್ಲ.

ಬ್ರಿಡ್ಜ್ ಮೋಡ್ (ಮೋಡೆಮ್ ಬರೀ ಲೈನ್ ದಾಟಿಸುತ್ತೆ, ಉಳಿದಿದ್ದೆಲ್ಲ ನಮ್ಮ ರೌಟರ್ ಮಾಡುತ್ತೆ) ಮಾಡಿಸಿಕೊಂಡು ಸ್ವಂತ ರೌಟರ್‌ನಲ್ಲಿ ಪಿಪಿಪಿಒಇ, ಅಂದ್ರೆ ಯೂಸರ್‌ನೇಮ್-ಪಾಸ್‌ವರ್ಡ್‌ನಿಂದ ಇಂಟರ್ನೆಟ್‌ಗೆ ಲಾಗಿನ್ ಆಗೋದನ್ನ, ಹಾಕಿದವರು ಇದ್ದೀರಾ? ವಿಎಲ್ಎಎನ್ ನಂಬರ್ (ಲೈನ್‌ನಲ್ಲಿ ಇಂಟರ್ನೆಟ್ ಡೇಟಾನ ಬೇರೆಯಾಗಿ ಗುರುತಿಸೋ ಸಂಖ್ಯೆ) ಕೇಳಿದ್ರೆ ಕಂಪನಿಯವರು ಕೊಡ್ತಾರಾ? ಸ್ಟ್ಯಾಟಿಕ್ ಐಪಿ (ಬದಲಾಗದ ಸ್ವಂತ ವಿಳಾಸ) ತಗೊಳ್ಳದೆ ಐಪಿವಿ6ನಲ್ಲೇ (ಹೊಸ ಬಗೆಯ ಐಪಿ, ವಿಳಾಸಗಳ ಕೊರತೆ ಇಲ್ಲ) ಕೆಲಸ ಆದವರಿದ್ರೂ ಹೇಳಿ. ಕದ್ದ ಅಡ್ಮಿನ್ ಪಾಸ್‌ವರ್ಡ್ ಮಾತ್ರ ಬೇಡ, ನೇರ ದಾರಿನೇ ಬೇಕು. ಜರ್ಮನಿಯಲ್ಲಿ 2016ರಿಂದ ಗ್ರಾಹಕರು ತಮ್ಮದೇ ಮೋಡೆಮ್ ಹಾಕ್ಕೊಳ್ಳೋ ಹಕ್ಕು ಕಾನೂನಲ್ಲೇ ಇದೆ. ದುಡ್ಡು ಕೊಡೋ ನಮಗೂ ಅಷ್ಟು ಸಿಗಬೇಕು.

ದೀಪಾವಳಿಗೆ ಊರಿಗೆ ಹೋಗ್ತೀನಿ, ಅಷ್ಟರೊಳಗೆ ಗೊತ್ತಾದ್ರೆ ದೊಡ್ಡ ಉಪಕಾರ.