ರಾಯರನ್ನು ಕೇಳಿ: ಅಜ್ಜನ ರೇಡಿಯೋಗೆ ಗಿಟಾರ್ ಸಿಕ್ಕಿಸಬಹುದಾ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ ರಿಪೇರಿ ರಾಯರು ನಮ್ಮ ಗುಂಪಿನಲ್ಲಿ ಇರುತ್ತಾರೆ. ಗಿಟಾರ್, ಆಂಪ್ (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ) ಎರಡನ್ನೂ ಕಟ್ಟೋದು, ಬಿಚ್ಚೋದು ಅವರ ಕಸುಬು. ಮನೆಯಲ್ಲೇ ಈ ಕೆಲಸ ಮಾಡುವವರು ಏನು ಬೇಕಾದರೂ ಕೇಳಿ. ಕೇಳುವ ಮೊದಲು ಮೇಲಿನದನ್ನು ಓದಿ. ಒಂದೇ ಪ್ರಶ್ನೆ ಹತ್ತು ಸಲ ಬೇಡ.

ಮೆಜೆಸ್ಟಿಕ್ ಮೆಟಲ್: ನಮಸ್ಕಾರ ರಾಯರೇ. ನನ್ನ ಸ್ಟ್ರಾಟ್ ಮಾದರಿ ಗಿಟಾರಿನಲ್ಲಿ ಗುಂಯ್ ಅಂತ ಶಬ್ದ ಬರುತ್ತೆ. ತಂತಿ ಮುಟ್ಟಿದರೆ ಕಡಿಮೆ ಆಗುತ್ತೆ, ಕೈ ತೆಗೆದರೆ ಮತ್ತೆ ಶುರು. ಒಳಗೆಲ್ಲ ತಾಮ್ರದ ಟೇಪ್ ಅಂಟಿಸಿದರೆ ಪೂರ್ತಿ ಹೋಗುತ್ತಾ?

ರಿಪೇರಿ ರಾಯರು: ನಮಸ್ಕಾರ. ತಂತಿ ಮುಟ್ಟಿದಾಗ ಕಡಿಮೆ ಆಗುತ್ತೆ ಅಂದರೆ ಬ್ರಿಜ್‌ಗೆ ಹೋಗುವ ಗ್ರೌಂಡ್ ವೈರು ಸರಿಯಾಗಿದೆ. ಅದು ದೋಷ ಅಲ್ಲ. ತಾಮ್ರದ ಟೇಪ್ ಅಂಟಿಸಿ ಅದನ್ನೂ ಗ್ರೌಂಡಿಗೆ ಸೇರಿಸಿದರೆ ಟ್ಯೂಬ್‌ಲೈಟು, ಫ್ಯಾನಿನ ರೆಗ್ಯುಲೇಟರು ತರುವ ಚರಚರ ತಗ್ಗುತ್ತೆ. ಆದರೆ ಹತ್ತಿರದ ಟ್ರಾನ್ಸ್‌ಫಾರ್ಮರ್‌ನಿಂದ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಅಲುಗಾಟವನ್ನು ಕರೆಂಟ್ ಮಾಡುವ, ಒಂದೇ ಸುರುಳಿಯ ಭಾಗ) ಎಳೆದುಕೊಳ್ಳುವ 50 ಹರ್ಟ್ಸ್ ಗುಂಯ್‌ಗೆ ತಾಮ್ರ ಅಡ್ಡ ಬರೋದಿಲ್ಲ. ಅದಕ್ಕೇ 1955ರಲ್ಲಿ ಗಿಬ್ಸನ್ ಕಂಪನಿಯ ಸೆಥ್ ಲವರ್ ಹಂಬಕರ್ ಅನ್ನೋ ಪಿಕಪ್ ಮಾಡಿದ್ದು. ಎರಡು ಕಾಯಿಲ್, ಒಂದರ ಸುತ್ತು ಇನ್ನೊಂದಕ್ಕೆ ಉಲ್ಟಾ, ಅಯಸ್ಕಾಂತವೂ ಉಲ್ಟಾ. ಗುಂಯ್ ಕಳೆದುಹೋಗುತ್ತೆ, ತಂತಿಯ ನಾದ ಕೂಡಿಕೊಳ್ಳುತ್ತೆ. ನಿಮ್ಮ ಸ್ವಿಚ್ಚನ್ನು 2 ಮತ್ತು 4ರಲ್ಲಿ ಇಟ್ಟು ಕೇಳಿ. ಅಲ್ಲಿ ಗುಂಯ್ ಇಲ್ಲದಿದ್ದರೆ ಮಧ್ಯದ ಪಿಕಪ್ ಉಲ್ಟಾ ಸುತ್ತಿದ್ದು, ನಿಮ್ಮ ಗಿಟಾರ್ ಚೆನ್ನಾಗಿದೆ. ಟೇಪಿಗೆ ದುಡ್ಡು ಹಾಕುವ ಮೊದಲು ಆಂಪಿನಿಂದ ಎರಡು ಹೆಜ್ಜೆ ದೂರ ನಿಂತು, ಸ್ವಲ್ಪ ತಿರುಗಿ ನೋಡಿ.

ಪುಟ್ಟನ ಅಮ್ಮ: ಸರ್, ಎಂಟು ವರ್ಷದ ಮಗನಿಗೆ ಯಾವ ಎಲೆಕ್ಟ್ರಿಕ್ ಗಿಟಾರ್ ಕೊಡಿಸಬಹುದು? ಚಿಕ್ಕ ಅಳತೆಯದ್ದು ಸಿಗುತ್ತಾ?

ಡಿಸ್ಟಾರ್ಷನ್ ದಾಸ: ಮೆಟಲ್ ಅವರೇ, ಇಷ್ಟೆಲ್ಲ ತಲೆಬಿಸಿ ಯಾಕೆ? ಆಂಪಿನ ಪ್ಲಗ್ಗಿನ ದೊಡ್ಡ ಪಿನ್ ಕಿತ್ತು ಹಾಕಿ. ಹಮ್ ಮಾಯ! ನನಗೊಂದು ವಿಡಿಯೋ ಫಾರ್ವರ್ಡ್ ಬಂದಿತ್ತು, ಬೇಕಾದರೆ ಇಲ್ಲಿ ಹಾಕುತ್ತೇನೆ.

ರಿಪೇರಿ ರಾಯರು: ಹಾಕಬೇಡಿ. ದೊಡ್ಡ ಪಿನ್ ಅರ್ತ್. ಗಿಟಾರಿನ ತಂತಿ, ಬ್ರಿಜ್, ಜ್ಯಾಕ್, ಆಂಪಿನ ಚಾಸಿ (ಒಳಗಿನ ಲೋಹದ ಚೌಕಟ್ಟು) ಎಲ್ಲ ಒಂದಕ್ಕೊಂದು ಸೇರಿವೆ. ಆಂಪಿನೊಳಗೆ ಫೇಸ್ ವೈರು ಚಾಸಿಗೆ ತಾಗಿತು ಅಂದುಕೊಳ್ಳಿ. ಅರ್ತ್ ಇದ್ದರೆ ಫ್ಯೂಸ್ ಹೋಗುತ್ತೆ. ಅರ್ತ್ ಇಲ್ಲದಿದ್ದರೆ ತಂತಿಯ ಮೇಲೆ 230 ವೋಲ್ಟ್ ಕೂತಿರುತ್ತೆ. ನೀವು ಎಡಗೈಯಲ್ಲಿ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದರೆ ಮುಗಿಯಿತು. 1972ರಲ್ಲಿ ಸ್ಟೋನ್ ದ ಕ್ರೋಸ್ ತಂಡದ ಲೆಸ್ ಹಾರ್ವೆ ವೇಲ್ಸ್‌ನ ಸ್ವಾನ್ಸಿಯಲ್ಲಿ, ವೇದಿಕೆಯ ಮೇಲೇ ಸತ್ತರು. ಗಿಟಾರ್ ಹಿಡಿದು ಮೈಕ್ ಮುಟ್ಟಿದ್ದು, ಅಷ್ಟೇ. 1976ರಲ್ಲಿ ಯಾರ್ಡ್‌ಬರ್ಡ್ಸ್ ತಂಡದಲ್ಲಿದ್ದ ಕೀತ್ ರೆಲ್ಫ್ ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ನುಡಿಸುವಾಗ ಶಾಕ್ ಹೊಡೆದು ಸತ್ತರು. ಅಡ್ಮಿನ್, ಆ ವಿಡಿಯೋ ಬಂದರೆ ದಯವಿಟ್ಟು ತೆಗೆದುಬಿಡಿ.

ಸ್ಯಾನ್ ಹೋಸೆ ಕನ್ನಡಿಗ: ಊರಿಗೆ ವಾಪಸ್ ಬರುತ್ತಿದ್ದೇವೆ. ಇಲ್ಲಿನ 120 ವೋಲ್ಟ್ ವಾಲ್ವ್ (ಹಳೇ ಕಾಲದ ಗಾಜಿನ ಕೊಳವೆ) ಆಂಪ್ ತರಬಹುದಾ?

ರಿಪೇರಿ ರಾಯರು: ತನ್ನಿ. ನೇರವಾಗಿ ಗೋಡೆಗೆ ಸಿಕ್ಕಿಸಬೇಡಿ. ಹಿಂಬದಿಯಲ್ಲಿ 230ಕ್ಕೆ ಬದಲಾಯಿಸುವ ವ್ಯವಸ್ಥೆ ಇದೆಯಾ ನೋಡಿ. ಇಲ್ಲದಿದ್ದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್, ಆಂಪ್ ಎಳೆಯುವ ವ್ಯಾಟಿಗೆ ಎರಡರಷ್ಟು ಸಾಮರ್ಥ್ಯದ್ದು, ಅರ್ತ್ ಪಿನ್ ಇರುವಂಥದ್ದು. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಆಂಪಿನ ಸ್ವಂತ ಟ್ರಾನ್ಸ್‌ಫಾರ್ಮರ್ ಜಾಸ್ತಿ ಬಿಸಿಯಾಗುತ್ತೆ. ಒಂದು ಗಂಟೆ ಆದ ಮೇಲೆ ಆಫ್ ಮಾಡಿ ಅದನ್ನು ಮುಟ್ಟಿ ನೋಡಿ.

ಬೇಸ್ ಬೋರೇಗೌಡ: ನನ್ನ ಗಿಟಾರಲ್ಲೂ ಗುಂಯ್ ಬರುತ್ತೆ. ಏನು ಮಾಡಲಿ?

ರಿಪೇರಿ ರಾಯರು: ಮೇಲೆ ಮೆಟಲ್ ಅವರಿಗೆ ಬರೆದಿದ್ದೇನೆ.

ಕರಾವಳಿ ಕಾರ್ಡ್ಸ್: ಉಡುಪಿಯಿಂದ ಬರೆಯುತ್ತಿದ್ದೇನೆ. ಮಳೆಗಾಲ ಬಂದರೆ ತಂತಿ ಎತ್ತರ ಆಗುತ್ತೆ, ಶ್ರುತಿ ನಿಲ್ಲೋದಿಲ್ಲ. ಫ್ರೆಟ್‌ಬೋರ್ಡಿಗೆ ತೆಂಗಿನ ಎಣ್ಣೆ ಸವರಿ, ಕೇಸಿನಲ್ಲಿ ಅಕ್ಕಿ ಮತ್ತು ಕರ್ಪೂರ ಇಡಿ ಅಂತ ಒಂದು ಮೆಸೇಜ್ ಬಂದಿದೆ. ಮಾಡಲಾ?

ರಿಪೇರಿ ರಾಯರು: ಕರ್ಪೂರ ದೇವರ ಮುಂದೆ ಹಚ್ಚಿ. ತೆಂಗಿನ ಎಣ್ಣೆ ಕೆಲವು ತಿಂಗಳಲ್ಲಿ ಕಮಟು ವಾಸನೆ ಹೊಡೆಯುತ್ತೆ, ಜಿಡ್ಡು ಹಿಡಿಯುತ್ತೆ. ಕೇಸಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಮರ ತೇವ ಕುಡಿದು ನೆಕ್ ಬಾಗುತ್ತೆ, ಅದಕ್ಕೇ ಒಳಗೆ ಟ್ರಸ್ ರಾಡ್ ಅನ್ನೋ ಉಕ್ಕಿನ ಕಡ್ಡಿ ಇರೋದು. ಒಂದೇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದು, ಏಳನೇ ಫ್ರೆಟ್ಟಿನ ಮೇಲೆ ಎಷ್ಟು ಸಂದು ಇದೆ ನೋಡಿ. ಕಾಲು ಮಿಲಿಮೀಟರ್ ಆಸುಪಾಸು ಇದ್ದರೆ ಸಾಕು. ಜಾಸ್ತಿ ಇದ್ದರೆ ರಾಡನ್ನು ಬಿಗಿ ಮಾಡಿ. ಒಂದು ಸಲಕ್ಕೆ ಕಾಲು ಸುತ್ತು, ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ತಿರುಗದಿದ್ದರೆ ಬಲ ಹಾಕಬೇಡಿ.

ಅಜ್ಜನ ರೇಡಿಯೋ: ನಮಸ್ಕಾರ ರಾಯರಿಗೆ. ನಮ್ಮದು ಸಾಗರ. ಅಟ್ಟದಲ್ಲಿ ಅಜ್ಜನ ಕಾಲದ ವಾಲ್ವ್ ರೇಡಿಯೋ ಸಿಕ್ಕಿದೆ. ಸ್ವಿಚ್ ಹಾಕಿದರೆ ವಾಲ್ವ್‌ಗಳು ಕೆಂಪಗೆ ಉರಿಯುತ್ತವೆ, ಸ್ಪೀಕರಿನಲ್ಲಿ ಸದ್ದೂ ಇದೆ. ಹಿಂದೆ ಗ್ರಾಮಫೋನ್ ಪಿಕಪ್‌ಗೆ ಎರಡು ತೂತು ಇವೆ. ಅಲ್ಲಿಗೆ ಒಂದು ಜ್ಯಾಕ್ ಬೆಸೆದರೆ ಗಿಟಾರ್ ಆಂಪ್ ಆಗುತ್ತೆ ಅಂತ ಆಸೆ. ವಾಲ್ವ್‌ಗಳ ಮೇಲೆ ಯುಸಿಎಚ್81, ಯುಬಿಎಫ್89, ಯುಸಿಎಲ್82, ಯುವೈ85 ಅಂತ ಬರೆದಿದೆ. ಒಂದು ನಾಬ್ ಕಳಚಿದೆ. ಅದರ ಕಡ್ಡಿ ಮುಟ್ಟಿದಾಗ ಸ್ವಲ್ಪ ಜುಮ್ ಅಂದಿತು. ಹಳೇ ಸೆಟ್‌ಗಳಲ್ಲಿ ಅದು ಮಾಮೂಲಾ?

ರಿಪೇರಿ ರಾಯರು: ಮೊದಲು ಪ್ಲಗ್ ಕಿತ್ತು ಇಡಿ. ಕಿತ್ತ ಮೇಲೆ ಇಲ್ಲಿ ಹೇಳಿ. ಆಮೇಲೆ ಬರೆಯುತ್ತೇನೆ.

ಅಜ್ಜನ ರೇಡಿಯೋ: ಕಿತ್ತೆ ಸರ್.

ರಿಪೇರಿ ರಾಯರು: ಒಳ್ಳೆಯದು. ಈಗ ಕೇಳಿ. ಹೆಸರು 'ಯು'ನಿಂದ ಶುರುವಾಗುವ ವಾಲ್ವ್‌ಗಳೇ ತುಂಬಿರುವ ಸೆಟ್ ಅಂದರೆ ಅದು ಎಸಿ-ಡಿಸಿ ಸೆಟ್. ಕೆಲವು ಊರುಗಳಿಗೆ ಆಗ ಡಿಸಿ ಕರೆಂಟ್ ಬರುತ್ತಿತ್ತು. ಡಿಸಿಗೆ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡೋದಿಲ್ಲ. ಹಾಗಾಗಿ ಎರಡಕ್ಕೂ ನಡೆಯುವ ಹಾಗೆ ಮೇನ್ಸ್ ಟ್ರಾನ್ಸ್‌ಫಾರ್ಮರನ್ನೇ ಬಿಟ್ಟು ಕಟ್ಟಿದರು. ಬೆಲೆಯೂ ಇಳಿಯಿತು.

ನಿಮ್ಮ ನಾಲ್ಕು ವಾಲ್ವ್‌ಗಳ ಫಿಲಮೆಂಟ್ ಒಂದರ ಹಿಂದೆ ಒಂದು ಸರಣಿಯಲ್ಲಿ ಇವೆ. 19, 19, 50, 38. ಕೂಡಿದರೆ 126 ವೋಲ್ಟ್. ಮಿಕ್ಕ 100 ಚಿಲ್ಲರೆ ವೋಲ್ಟನ್ನು ಒಂದು ದಪ್ಪ ರೆಸಿಸ್ಟರ್ ತಿನ್ನುತ್ತೆ. ಕರೆಂಟ್ 0.1 ಆಂಪಿಯರ್, ಅಂದರೆ ಸುಮಾರು 10 ವ್ಯಾಟ್ ಬರೀ ಶಾಖ. ಒಳಗೆ ಕಪ್ಪಾಗಿರುವ ಜಾಗ ಇದ್ದರೆ ಅದೇ.

ಇದೆಲ್ಲ ಇರಲಿ. ನಿಮಗೆ ಮುಖ್ಯವಾದದ್ದು ಇದು. ಇಂಥ ಸೆಟ್‌ನಲ್ಲಿ ಗೋಡೆಯಿಂದ ಬರುವ ಎರಡು ವೈರುಗಳಲ್ಲಿ ಒಂದು ನೇರವಾಗಿ ಚಾಸಿಗೆ ಸೇರಿರುತ್ತೆ. ಪ್ಲಗ್ಗಿಗೆ ಎರಡೇ ಪಿನ್. ಒಂದು ಕಡೆ ಸಿಕ್ಕಿಸಿದರೆ ಚಾಸಿ ನ್ಯೂಟ್ರಲ್, ತಿರುಗಿಸಿ ಸಿಕ್ಕಿಸಿದರೆ ಚಾಸಿಯೇ ಫೇಸ್. ಸ್ವಿಚ್ ಆಫ್ ಇದ್ದರೂ ನಂಬಬೇಡಿ. ಅದು ಚಾಸಿ ಕಡೆಯ ವೈರನ್ನು ಮಾತ್ರ ಕತ್ತರಿಸುತ್ತಿದ್ದರೆ, ಫಿಲಮೆಂಟ್‌ಗಳ ಮೂಲಕ ಫೇಸ್ ಚಾಸಿಗೆ ಬಂದು ನಿಂತಿರುತ್ತೆ. ಅದಕ್ಕೇ ಆ ಕಾಲದಲ್ಲಿ ಮರದ ಪೆಟ್ಟಿಗೆ, ಹಿಂದೆ ರಟ್ಟಿನ ಮುಚ್ಚಳ. ನಾಬಿನ ಸ್ಕ್ರೂ ಬೆರಳಿಗೆ ತಾಗದಂತೆ ಮೇಲೆ ಮೇಣ ತುಂಬುತ್ತಿದ್ದರು. ನಿಮ್ಮದರಲ್ಲಿ ನಾಬೇ ಇಲ್ಲ. ಜುಮ್ ಅಂದದ್ದು ಮಾಮೂಲು ಅಲ್ಲ. ಕಾಲಲ್ಲಿ ಚಪ್ಪಲಿ ಇತ್ತೋ, ನೆಲ ಒಣಗಿತ್ತೋ, ಅದರಿಂದ ಉಳಿದಿದ್ದೀರಿ. ಜ್ಯಾಕ್ ಬೆಸೆದು ಗಿಟಾರ್ ಸಿಕ್ಕಿಸಿದರೆ ಆರು ತಂತಿಯೂ ನೇರ ಗೋಡೆಯ ಕರೆಂಟಿಗೆ ಸೇರುತ್ತವೆ.

ಡಿಸ್ಟಾರ್ಷನ್ ದಾಸ: ರಾಯರು ಹೆದರಿಸುತ್ತಾರೆ ಅಷ್ಟೇ. ಜ್ಯಾಕಿನ ಎರಡೂ ವೈರಿಗೆ ಒಂದೊಂದು 0.01 ಕಂಡೆನ್ಸರ್ ಹಾಕಿದರೆ ಶಾಕ್ ಬರೋದಿಲ್ಲ. ನಮ್ಮ ಇನ್ನೊಂದು ಗುಂಪಿನಲ್ಲಿ ಸರ್ಕ್ಯೂಟ್ ಸಮೇತ ಬಂದಿದೆ.

ರಿಪೇರಿ ರಾಯರು: 0.01 ಮೈಕ್ರೋಫ್ಯಾರಡ್ ಕಂಡೆನ್ಸರ್ ಸರಿಯಾಗಿದ್ದರೂ 230 ವೋಲ್ಟ್ ಎಸಿಯಲ್ಲಿ ಸುಮಾರು 0.7 ಮಿಲಿಆಂಪಿಯರ್ ಬಿಡುತ್ತೆ. ಬೆರಳಿಗೆ ಗೊತ್ತಾಗುವಷ್ಟು. ಅದು ಶಾರ್ಟ್ ಆದ ದಿನ ತಡೆಯೋಕೆ ಏನೂ ಉಳಿಯೋದಿಲ್ಲ. ಶಾರ್ಟ್ ಆಗಿದೆ ಅಂತ ಮೊದಲೇ ತಿಳಿಯೋದೂ ಇಲ್ಲ. ಆ ಸರ್ಕ್ಯೂಟ್ ಕಳಿಸಿದವರು ಅದನ್ನು ಕಟ್ಟಿ ನುಡಿಸಿದ್ದಾರಾ? ಕೇಳಿ ಬನ್ನಿ.

ಹಲಸಿನ ಹಲಗೆ: ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಶಿವಮೊಗ್ಗದ ಸಾ ಮಿಲ್ಲಿನಲ್ಲಿ ಹಲಸಿನ ಹಲಗೆ ಸಿಕ್ಕಿದೆ. ವೀಣೆಗೆ ಹಲಸು ಹಾಕುತ್ತಾರಲ್ಲ, ಟೆಲಿಕಾಸ್ಟರ್ ಗಿಟಾರಿನ ಒಡಲಿಗೆ ಆಗುತ್ತಾ?

ಬ್ಲೂಸ್ ಬಸವ: ಹಲಸಿನಲ್ಲಿ ಹಪ್ಪಳ ಮಾಡಿ. ಎಲೆಕ್ಟ್ರಿಕ್ ಗಿಟಾರಿಗೆ ಮಹಾಗನಿ ಒಂದೇ. ಸಸ್ಟೇನ್ (ನಾದ ಹೊತ್ತು ನಿಲ್ಲೋದು) ಅನ್ನೋದು ಮರದಿಂದ ಬರುತ್ತೆ.

ಹಲಸಿನ ಹಲಗೆ: ಮೊದಲ ಟೆಲಿಕಾಸ್ಟರ್‌ಗಳೇ ಮಹಾಗನಿ ಅಲ್ಲ ಸ್ವಾಮಿ. ಪೈನ್ ಇತ್ತು, ಆಮೇಲೆ ಆ್ಯಶ್.

ಬ್ಲೂಸ್ ಬಸವ: ನಾನು ಲೆಸ್ ಪಾಲ್ ಗಿಟಾರ್ ಬಗ್ಗೆ ಹೇಳಿದ್ದು.

ಹಲಸಿನ ಹಲಗೆ: ನಾನು ಕೇಳಿದ್ದು ಟೆಲಿ ಬಗ್ಗೆ!

ರಿಪೇರಿ ರಾಯರು: ಹಲಸು ಆಗುತ್ತೆ. ಪಿಕಪ್ಪಿಗೆ ಕಾಣೋದು ಉಕ್ಕಿನ ತಂತಿಯ ಅಲುಗಾಟ. ಪಿಕಪ್ಪಿನ ಎತ್ತರ ಒಂದು ಮಿಲಿಮೀಟರ್ ಬದಲಾಯಿಸಿ ನೋಡಿ, 250ಕೆ ಪಾಟ್ (ವಾಲ್ಯೂಮ್ ನಾಬಿನ ಕೆಳಗಿನ ರೆಸಿಸ್ಟರ್) ತೆಗೆದು 500ಕೆ ಹಾಕಿ ನೋಡಿ. ಮರ ಬದಲಾಯಿಸಿದ್ದಕ್ಕಿಂತ ಜಾಸ್ತಿ ವ್ಯತ್ಯಾಸ ಕಿವಿಗೆ ಬೀಳುತ್ತೆ. ಮರ ಒಣಗಿದೆಯಾ ಅನ್ನೋದೇ ದೊಡ್ಡ ಪ್ರಶ್ನೆ. ಹಲಗೆಯನ್ನು ವಾರಕ್ಕೊಮ್ಮೆ ತೂಕ ಮಾಡಿ ಬರೆದಿಡಿ. ತೂಕ ಇಳಿಯೋದು ನಿಂತ ಮೇಲೆ ಉಳಿ ಹಿಡಿಯಿರಿ.

ಬ್ಲೂಸ್ ಬಸವ: ಹಾಗಾದರೆ ದೊಡ್ಡ ಕಂಪನಿಗಳೆಲ್ಲ ದಡ್ಡರಾ ರಾಯರೇ?

ಹಲಸಿನ ಹಲಗೆ: ಅವರು ಮಾರೋದು, ನೀವು ಕೊಳ್ಳೋದು. ದಡ್ಡರು ಯಾರು ಅಂತ ನೀವೇ ಹೇಳಿ.

ಬ್ಲೂಸ್ ಬಸವ: ಮಾತು ಸರಿಯಾಗಿ ಆಡಿ. ನಾನು ಸ್ಟೇಜ್ ಹತ್ತುತ್ತಿದ್ದಾಗ ನೀವು ಇನ್ನೂ ಚಡ್ಡಿ ಹಾಕುತ್ತಿದ್ದಿರಿ.

ಹಲಸಿನ ಹಲಗೆ: ಸ್ಟೇಜಿಂದ ಇಳಿಸಿದ್ದು ಯಾಕೆ ಅಂತಾನೂ ಹೇಳಿ.

ಮಲ್ನಾಡ್ ಮಾಡ್ಸ್: ಜಗಳ ಬಿಡಿ. ಫ್ರೆಟ್‌ಬೋರ್ಡಿಗೆ ಬೀಟೆ ತುಂಡು ಬೇಕಾದವರು ಇನ್‌ಬಾಕ್ಸಿಗೆ ಬನ್ನಿ. ರಶೀದಿ ಗಿಶೀದಿ ಏನೂ ಕೇಳಬೇಡಿ.

ರಿಪೇರಿ ರಾಯರು: ಯಾರೂ ಹೋಗಬೇಡಿ. ಬೀಟೆ ಕಡಿಯೋಕೆ, ಸಾಗಿಸೋಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ರಶೀದಿ ಇರುವ ಅಂಗಡಿಯಲ್ಲಿ ಕೊಳ್ಳಿ. ಇಲ್ಲದಿದ್ದರೆ ಬೇರೆ ಗಟ್ಟಿ ಮರ ಹಾಕಿ.

ಅಡ್ಮಿನ್: ಮಲ್ನಾಡ್ ಅವರ ಮೆಸೇಜ್ ತೆಗೆಯುತ್ತೇನೆ. ಬಸವ ಅವರೇ, ಹಲಗೆ ಅವರೇ, ಸಾಕು.

ಪುಟ್ಟನ ಅಮ್ಮ: ನನ್ನ ಪ್ರಶ್ನೆ ಯಾರೂ ನೋಡಲಿಲ್ಲ ಅನ್ಸುತ್ತೆ.

ಅಜ್ಜನ ರೇಡಿಯೋ: ರಾಯರೇ, ಹಾಗಾದರೆ ಈ ರೇಡಿಯೋ ಆಸೆ ಬಿಡಬೇಕಾ? ಸುರಕ್ಷಿತ ದಾರಿ ಇಲ್ಲವಾ?

ರಿಪೇರಿ ರಾಯರು: ಇದೆ. ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬರಬೇಕು. 230 ಒಳಗೆ, 230 ಹೊರಗೆ, ಎರಡು ಸುತ್ತುಗಳ ಮಧ್ಯೆ ತಂತಿಯ ಸಂಬಂಧವೇ ಇರಬಾರದು. ನಿಮ್ಮ ಸೆಟ್ ಎಳೆಯೋದು 50 ವ್ಯಾಟಿನ ಒಳಗೆ, 100 ವಿಎ ಇದ್ದರೆ ನಿಶ್ಚಿಂತೆ. ಅದರ ಹೊರಗಿನ ಎರಡು ವೈರುಗಳಲ್ಲಿ ಒಂದು ಚಾಸಿಗೆ. ಅದೇ ಚಾಸಿಗೆ ಮೂರು ಪಿನ್ನಿನ ಪ್ಲಗ್ಗಿನ ಅರ್ತ್. ಒಳಬರುವ ಕಡೆ ಫ್ಯೂಸ್, ಎರಡೂ ವೈರನ್ನು ಕತ್ತರಿಸುವ ಸ್ವಿಚ್. ಹಳೇ ಎರಡು ಎಳೆಯ ವೈರು ಕಸಕ್ಕೆ.

ಆಮೇಲೆ ಕಂಡೆನ್ಸರ್‌ಗಳು. ಅಷ್ಟು ವರ್ಷ ಅಟ್ಟದಲ್ಲಿದ್ದ ಪೇಪರ್ ಕಂಡೆನ್ಸರ್ ಸೋರುತ್ತೆ, ಎಲೆಕ್ಟ್ರೊಲಿಟಿಕ್ ಒಣಗಿರುತ್ತೆ. ಎಲ್ಲ ಬದಲಾಯಿಸಬೇಕು. ಹೊಸದು 400 ವೋಲ್ಟಿಗಿಂತ ಕಡಿಮೆ ಬೇಡ, ಯಾಕಂದರೆ 230ರ ಶಿಖರವೇ 325. ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ ಕರೆಂಟ್ ಕೂತಿರುತ್ತೆ. 10ಕೆ, 5 ವ್ಯಾಟಿನ ರೆಸಿಸ್ಟರಿಗೆ ಇನ್ಸುಲೇಷನ್ ಇರುವ ಕ್ಲಿಪ್ ಹಾಕಿ ಹತ್ತು ಸೆಕೆಂಡ್ ಹಿಡಿದು ಖಾಲಿ ಮಾಡಿ. ಮೀಟರಿನಲ್ಲಿ ಡಿಸಿ ನೋಡಿ. 10 ವೋಲ್ಟಿಗಿಂತ ಕೆಳಗೆ ಇಳಿಯೋ ತನಕ ಕೈ ಹಾಕಬೇಡಿ. ಇಷ್ಟೆಲ್ಲ ಮಾಡಿದರೆ ಸುಮಾರು 3 ವ್ಯಾಟಿನ ಆಂಪ್ ಸಿಗುತ್ತೆ. ಗ್ರಾಮಫೋನಿಗೆ ಮಾಡಿದ ಜಾಗ ಅದು, ಗಿಟಾರಿಗೆ ಸದ್ದು ಸಾಲೋದಿಲ್ಲ, ಮುಂದೆ ಒಂದು ಬೂಸ್ಟರ್ ಪೆಡಲ್ ಬೇಕು.

ಇದು ನಿಮ್ಮ ಮೊದಲ ಆಂಪ್ ಕೆಲಸ ಆದರೆ ನನ್ನ ಸಲಹೆ ಬೇರೆ. ಎಲ್‌ಎಂ386 ಅನ್ನೋ ಎಂಟು ಕಾಲಿನ ಐಸಿ ತನ್ನಿ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಿದ ಅಂಗಡಿಯಲ್ಲಿ ಸಿಗುತ್ತೆ. 9 ವೋಲ್ಟ್ ಬ್ಯಾಟರಿ, ಒಂದು ಸ್ಪೀಕರ್. 1 ಮತ್ತು 8ನೇ ಕಾಲಿನ ನಡುವೆ 10 ಮೈಕ್ರೋಫ್ಯಾರಡ್ ಹಾಕಿದರೆ ಗೇನ್ (ಎಷ್ಟು ಪಟ್ಟು ಹೆಚ್ಚಿಸುತ್ತೆ ಅನ್ನೋದು) 20ರಿಂದ 200ಕ್ಕೆ ಏರುತ್ತೆ, ಚೆನ್ನಾಗಿ ಗರಗರ ಅನ್ನುತ್ತೆ. ತಪ್ಪು ಬೆಸೆದರೆ ಐಸಿ ಹೋಗುತ್ತೆ, ನೀವು ಹೋಗೋದಿಲ್ಲ.

ಡಿಸ್ಟಾರ್ಷನ್ ದಾಸ: ಕಂಡೆನ್ಸರ್ ಖಾಲಿ ಮಾಡೋಕೆ ರೆಸಿಸ್ಟರ್ ಯಾಕೆ? ಸ್ಕ್ರೂಡ್ರೈವರ್ ಅಡ್ಡ ಇಟ್ಟರೆ ಢಂ ಅಂತ ಖಾಲಿ.

ರಿಪೇರಿ ರಾಯರು: ಕಿಡಿ ಹಾರುತ್ತೆ, ಕಂಡೆನ್ಸರ್ ಹಾಳಾಗುತ್ತೆ. ದಾಸರೇ, ಇವತ್ತು ನೀವು ಕೊಟ್ಟ ಮೂರು ಸಲಹೆಯಲ್ಲಿ ಎರಡು ಕೊಲ್ಲುವಂಥವು. ಇನ್ನು ನೀವು ಕೇಳಿ, ಹೇಳಬೇಡಿ.

ಡಿಸ್ಟಾರ್ಷನ್ ದಾಸ: ಇದು ಎಲ್ಲರ ಗುಂಪು. ನಿಮ್ಮೊಬ್ಬರ ಅಂಗಡಿ ಅಲ್ಲ.

ಹೊಸಬ ಹರಿಹರ: ಎಲ್ಲರಿಗೂ ಹಾಯ್. ಗಿಟಾರಲ್ಲಿ ಗುಂಯ್ ಬರುತ್ತೆ, ಪರಿಹಾರ ತಿಳಿಸಿ.

ರಿಪೇರಿ ರಾಯರು: ಮೇಲೆ ಓದಿ.

ಸೆಕೆಂಡ್ ಹ್ಯಾಂಡ್ ಸೀನ: ಪಿಕಪ್ ಕೀಚ್ ಅಂತ ಕಿರುಚುತ್ತೆ. ಮೇಣದಬತ್ತಿ ಕರಗಿಸಿ ಅದರಲ್ಲಿ ಅದ್ದಿ ಅಂತಾರೆ. ನಿಜವಾ?

ರಿಪೇರಿ ರಾಯರು: ನಿಜ. ಸುತ್ತು ಸಡಿಲ ಇದ್ದರೆ ಕಿರುಚುತ್ತೆ, ಮೇಣ ಅದನ್ನು ಹಿಡಿದಿಡುತ್ತೆ. ಆದರೆ ಮೇಣದ ಪಾತ್ರೆ ನೇರ ಒಲೆ ಮೇಲೆ ಇಡಬೇಡಿ, ಹತ್ತಿಕೊಳ್ಳುತ್ತೆ. ಬಿಸಿ ನೀರಿನ ಪಾತ್ರೆಯೊಳಗೆ ಇಡಿ. 65 ಡಿಗ್ರಿ ಸಾಕು, ಜಾಸ್ತಿ ಆದರೆ ಬಾಬಿನ್ ಸೊಟ್ಟ ಆಗುತ್ತೆ.

ಬ್ಲೂಸ್ ಬಸವ: ಮಹಾಗನಿ ವಿಷಯಕ್ಕೆ ಇನ್ನೂ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ.

ಅಜ್ಜನ ರೇಡಿಯೋ: ಸರ್, ಪೇಟೆಯಲ್ಲಿ ವಿಚಾರಿಸಿದೆ. 230-230 ಇಲ್ಲವಂತೆ. 230-110 ಸ್ಟೆಪ್ ಡೌನ್ ಎರಡು ತಗೊಳ್ಳಿ, ಒಂದನ್ನು ಉಲ್ಟಾ ಸೇರಿಸಿ ಅಂತಾರೆ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆ, ಅದು ಸಾಲೋದಿಲ್ಲವಾ?

ರಿಪೇರಿ ರಾಯರು: ಆರ್‌ಸಿಸಿಬಿ ಬೀಳೋದು ಕರೆಂಟ್ ನಿಮ್ಮ ಮೈಮೂಲಕ ಹರಿಯಲು ಶುರುವಾದ ಮೇಲೆ. ಇರಲಿ, ಒಳ್ಳೆಯದು. ಅದನ್ನೇ ನಂಬಿ ಚಾಸಿ ಮುಟ್ಟಬೇಡಿ. 230-110 ಬೇಡ. ಅಂಗಡಿಯಲ್ಲಿ ಸಿಗುವ ಸ್ಟೆಪ್ ಡೌನ್ ಬಹಳಷ್ಟು ಆಟೋ ಟ್ರಾನ್ಸ್‌ಫಾರ್ಮರ್, ಒಂದೇ ಸುತ್ತು, ಗೋಡೆಯ ಕರೆಂಟ್ ನೇರ ಆಚೆ ಬರುತ್ತೆ. ಬದಲಿಗೆ 230-24, 3 ಆಂಪಿಯರಿನ ಸಾದಾ ಟ್ರಾನ್ಸ್‌ಫಾರ್ಮರ್ ಎರಡು ತನ್ನಿ. 24ಕ್ಕೆ 24 ಸೇರಿಸಿ. ಆಚೆ ಬರೋದು 230ಕ್ಕಿಂತ ಸ್ವಲ್ಪ ಕಡಿಮೆ ಇರುತ್ತೆ, ಹಳೇ ವಾಲ್ವ್‌ಗಳಿಗೆ ಅದೇ ಒಳ್ಳೆಯದು. ರೇಡಿಯೋ ಸೇರಿಸುವ ಮೊದಲು, ಪ್ಲಗ್ ಕಿತ್ತು, ಮೀಟರನ್ನು ಓಮ್ಸ್‌ನಲ್ಲಿಟ್ಟು ಗೋಡೆ ಕಡೆಯ ವೈರಿಗೂ ಆಚೆ ಕಡೆಯ ವೈರಿಗೂ ಹಿಡಿಯಿರಿ. ಮುಳ್ಳು ಸ್ವಲ್ಪವಾದರೂ ಅಲುಗಿದರೆ ಅಂಗಡಿಗೆ ವಾಪಸ್ ಕೊಡಿ. ಫೋಟೋ ಹಾಕಿ, ನಾನು ನೋಡದೆ ಸ್ವಿಚ್ ಹಾಕಬೇಡಿ.

ಅಜ್ಜನ ರೇಡಿಯೋ: ಆಯ್ತು ಸರ್. ಮೊದಲು ಎಲ್‌ಎಂ386 ಮಾಡ್ತೇನೆ. ರೇಡಿಯೋ ಸದ್ಯ ಅಟ್ಟಕ್ಕೇ.

ಅಡ್ಮಿನ್: ರಾಯರಿಗೆ ಧನ್ಯವಾದ. ಹಲಸು-ಮಹಾಗನಿ ವಾದ ಮತ್ತೆ ಶುರುವಾಗಿದೆ, ಹಾಗಾಗಿ ಕಾಮೆಂಟ್ ಮುಚ್ಚುತ್ತಿದ್ದೇನೆ. ಉತ್ತರ ಸಿಗದವರು ಮುಂದಿನ ಸಲ ಕೇಳಿ.